ಬಂದುಹೋದ ಕಲ್ಲು

ಸಂಕನಮಟ್ಟಿಯ ಗುಡ್ಡದ ನೆತ್ತಿಯಲ್ಲಿ ಇಬ್ಬರು ಕೂರುವಷ್ಟು ಅಗಲದ, ಚಪ್ಪಟೆಯಾದ ಒಂದು ಕಲ್ಲಿದೆ. ಅದರ ಮೇಲೆ ಶಾಸನವಿಲ್ಲ, ಮೂರ್ತಿಯಿಲ್ಲ. ಅರಿಶಿನ ಕುಂಕುಮವನ್ನೂ ಯಾರೂ ಹಚ್ಚುವುದಿಲ್ಲ. ಗುಡ್ಡದ ತಳದಲ್ಲಿ ಈಚೆಗೆ ನೆಟ್ಟ ಫಲಕ ಅದನ್ನು ‘ವೀಕ್ಷಣಾ ಸ್ಥಳ’ ಎನ್ನುತ್ತದೆ. ಊರಿನವರು ಆ ಹೆಸರನ್ನು ಬಳಸುವುದಿಲ್ಲ, ಬಳಸಲೂಬಾರದು. ಅದು ಬಂದುಹೋದ ಕಲ್ಲು.

ಹಿಂದೆ ಒಮ್ಮೆ, ಊರಿನಲ್ಲಿ ಕುರಿಗಾರರ ಮನೆಗಳೇ ಹೆಚ್ಚಾಗಿದ್ದ ಕಾಲದಲ್ಲಿ, ಲಗಮವ್ವ ಎಂಬ ಹೊಸ ಸೊಸೆಯಿದ್ದಳು ಎನ್ನುತ್ತಾರೆ. ದಸರೆ ಕಳೆದೊಡನೆ ಗಂಡಸರು ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋದರೆ ತಿರುಗಿ ಬರುವುದು ಮುಂಗಾರಿನ ಹೊತ್ತಿಗೆ. ನಡುವೆ ಯಾರಾದರೂ ಸತ್ತರೂ ಸುದ್ದಿ ಕಳಿಸುತ್ತಿರಲಿಲ್ಲ. ಸಾವಿನ ಸುದ್ದಿ ಹಿಂಡಿಗಿಂತ ಮುಂಚೆ ಊರು ಸೇರಿದರೆ ಹಿಂಡು ಉಳಿಯದು ಎಂಬ ನಂಬಿಕೆ ಅವರದು. ಹೀಗಾಗಿ ಹೆಂಗಸರಿಗೆ ತಾವು ಕಾಯುತ್ತಿರುವವನು ಬದುಕಿದ್ದಾನೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಲಗಮವ್ವನ ಗಂಡ ಸಿದರಾಯ ಹೊರಡುವ ಮುನ್ನ ಈ ಕಲ್ಲಿನ ಮೇಲೆ ಅವಳನ್ನು ಕೂರಿಸಿ, “ಸಂಜೀಕ ಇಲ್ಲೇ ಬಂದು ಕೂಡು. ನಾ ಎಲ್ಲೇ ಇದ್ರೂ ಆ ಹೊತ್ತಿಗೆ ಇತ್ತ ಮಾರಿ ಮಾಡಿ ಕೂಡ್ತೀನಿ” ಎಂದಿದ್ದ.

ಅವಳು ದಿನವೂ ಕದಿರು ಹಿಡಿದು ಹೋಗಿ, ಕಂಬಳಿಗೆಂದು ಕರಿ ಉಣ್ಣೆ ನೂಲುತ್ತ ಕೂರುವಳು. ಒಮ್ಮೊಮ್ಮೆ ಪಕ್ಕದಲ್ಲಿ ಯಾರೋ ಕೂತಂತೆ ತೋಳು ಬೆಚ್ಚಗಾಗುವುದು; ತಿರುಗಿದರೆ ಬರಿಯ ಗಾಳಿ. ಅತ್ತೆ ಕರೆವ್ವನಿಗೆ ಇದು ಸರಿಬರಲಿಲ್ಲ. ಬನದ ಹುಣ್ಣಿಮೆಯ ಹಿಂದಿನ ಸಂಜೆ ಗುಡ್ಡದ ತಳದಲ್ಲಿ ನಿಂತು, ನೆರೆಯವರೆಲ್ಲ ಕೇಳುವಂತೆ ಕೂಗಿದಳು: “ನೂಲು ಮನ್ಯಾಗೂ ಬರ್ತೈತಿ. ಅಲ್ಲಿ ಕುಂತ್ರ ನಿನ್ನ ಗಂಡ ಏನು ಹದ್ದಾಗಿ ಹಾರಿ ಬರ್ತಾನ?” ಹೆಂಗಸರು ನಕ್ಕರು. ಲಗಮವ್ವ ಕದಿರನ್ನು ಕಲ್ಲಿನ ಮೇಲೆಯೇ ಬಿಟ್ಟು ದಡದಡ ಇಳಿದುಬಂದಳು. ಕಂಬಳಿಯ ಅಂಚಿಗೆಂದು ಅವಳು ಬಿಳಿ ಉಣ್ಣೆ ನೂಲಲು ಹಿಡಿದದ್ದು ಅಂದೇ ಮೊದಲು. ಕದಿರು ಇನ್ನೂ ಅರ್ಧವಷ್ಟೇ ತುಂಬಿತ್ತು.

ಮರುದಿನ ಹುಣ್ಣಿಮೆ. “ಗುಡ್ಡಾನೂ ಬ್ಯಾಡ, ನೂಲೂ ಬ್ಯಾಡ” ಎಂದು ಅವಳು ಹಟ ಹಿಡಿದು ಒಲೆಯ ಮುಂದೆ ಕೂತಳು. ಅದರ ಮರುಸಂಜೆ ಮನಸ್ಸು ತಡೆಯದೆ ಹತ್ತಿ ಹೋದಾಗ ಕದಿರು ಇಟ್ಟಲ್ಲಿಯೇ ಇತ್ತು.

ಮುಂಗಾರಿಗೆ ಹಿಂಡು ಬಂತು. ಸಿದರಾಯನ ಕುರಿಗಳನ್ನು ಅವನ ದೊಡ್ಡಪ್ಪನ ಮಗ ಭರಮಪ್ಪ ಹೊಡೆದುಕೊಂಡು ಬರುತ್ತಿದ್ದ. ಯಾರೂ ಏನನ್ನೂ ಕೇಳಬೇಕಾಗಲಿಲ್ಲ.

“ಬನದ ಹುಣ್ಣಿಮಿ ದಿನ, ಹೊತ್ತು ಮುಳುಗೂದ್ರಾಗ ಹ್ವಾದ, ಯವ್ವಾ” ಎಂದ ಭರಮಪ್ಪ. “ಜ್ವರ ಏರಿತ್ತು. ಉಸಿರು ನಿಂತೇ ಹೋತು ಅಂದ್ಕೊಂಡ್ವಿ. ಆಮ್ಯಾಲ ಕಣ್ಣು ತೆರದು, ‘ಊರಿಗೆ ಹೋಗಿದ್ದೆ. ಕಲ್ಲಿನ ಮ್ಯಾಲ ಕದರು ಐತಿ, ಬಿಳೀ ನೂಲು ಅರ್ಧ ಸುತ್ತೈತಿ. ಆಕಿ ಇಲ್ಲ’ ಅಂದ. ಅಷ್ಟ ಮಾತು.”

“ಜ್ವರದಾಗ ಮಂದಿ ಏನೇನರ ಅಂತಾರ” ಎಂದು ಹಿರಿಯರೊಬ್ಬರು ಮಾತು ಮುಗಿಸಲು ನೋಡಿದರು.

“ಯಾವ ಬಣ್ಣ ಅಂದ, ಭಾವ?” ಎಂದಳು ಲಗಮವ್ವ.

“ಬಿಳೀದು.”

ಆ ಸಂಜೆಯ ಬಿಳಿ ನೂಲನ್ನು ಅವಳಲ್ಲದೆ ಕಂಡವರಿರಲಿಲ್ಲ. ಯಾವುದೋ ಸೀಮೆಯ ಹೊಲದಲ್ಲಿ ಮೈ ಕಂಬಳಿಯ ಮೇಲೆ ಬಿದ್ದಿರುವಾಗ ಅವನ ಅರಿವು ಇಲ್ಲಿಯವರೆಗೆ ಬಂದಿತ್ತು. ಬಂದು, ಅವಳಿಲ್ಲದ್ದನ್ನು ಕಂಡು ಹೋಗಿತ್ತು.

“ನನ್ನ ಬಾಯಿ ಸುಡ್ಲಿ” ಎಂದು ಕರೆವ್ವ ತಲೆ ಚಚ್ಚಿಕೊಂಡಳು.

“ನೀ ಅಂದಿ, ನಾ ಮನ್ಯಾಗ ಕುಂತ್ನಿ, ಅತ್ತಿ. ಹಟ ನಂದು” ಎಂದಳು ಸೊಸೆ. ಗುಡ್ಡದತ್ತ ನೋಡಿ, “ದಾರಿ ಅಂತೂ ಗೊತ್ತಾಗೈತಿ ಅವಗ” ಎಂದಳು.

ಹಿರಿಯರು ಇನ್ನೊಂದು ಮದುವೆಯ ಮಾತು ತಂದರು; ಅವಳು ಒಪ್ಪಲಿಲ್ಲ. ಕೂದಲು ಉಣ್ಣೆಯಷ್ಟೇ ಬೆಳ್ಳಗಾಗುವವರೆಗೆ ಸಂಜೆ ತಪ್ಪಿಸಲಿಲ್ಲ. ಆದರೆ ಕಲ್ಲಿನ ಮೇಲೆ ಮತ್ತೆ ಕೂರಲಿಲ್ಲ. ಅದರ ಬುಡದಲ್ಲಿ, ನೆಲದ ಮೇಲೆ ಕೂರುತ್ತಿದ್ದಳು ಎನ್ನುತ್ತಾರೆ.

ಇಂದಿಗೂ ಕಲ್ಲಿನ ಬುಡದ ನೆಲ ಹುಲ್ಲಿಲ್ಲದೆ ನುಣುಪಾಗಿದೆ. ಮನೆಯವರನ್ನು ದೂರ ಕಳಿಸಿದ ಹೆಂಗಸರು ಸಂಜೆ ಅಲ್ಲಿ ಕೂತಿರುತ್ತಾರೆ. ಹತ್ತಿ ದಣಿದ ಪ್ರವಾಸಿಗರು ಕಲ್ಲಿನ ಮೇಲೆ ಕೂರಲು ಹೋದರೆ, ಅವರಲ್ಲೊಬ್ಬಳು ಸೆರಗು ಸರಿಸಿ ತನ್ನ ಪಕ್ಕದ ನೆಲ ತೋರಿಸಿ, “ಇಲ್ಲಿ ಬರ್ರಿ. ಅಲ್ಲಿ ಯಾರರ ಕುಂತಿದ್ದಾರು” ಎನ್ನುತ್ತಾಳೆ.