ಎದೆಯಲ್ಲಿ ನೀರು ಹೊತ್ತ ಹಕ್ಕಿ

ಕೇಳಿ ಮಕ್ಕಳೇ, ನಾಲ್ಕು ಕಡೆಯೂ ಮರಳೇ ಇದ್ದ ಒಂದು ರಾಜ್ಯದಲ್ಲಿ ಉದ್ದಂಡರಾಯ ಎಂಬ ಅರಸನಿದ್ದ. ಅಲ್ಲಿ ಇದ್ದದ್ದು ಒಂದೇ ನದಿ. ದಡದ ಉದ್ದಕ್ಕೂ ಜೊಂಡು, ಜಾಲಿಪೊದೆ.

ಸಂಜೆಯಾದರೆ ಮರಳುಹಕ್ಕಿಗಳು ಹಿಂಡುಗಟ್ಟಿ ಬರುತ್ತಿದ್ದವು. ಎದೆಯ ಗರಿ ನೆನೆಸಿಕೊಂಡು, ದೂರದ ಗೂಡಿನ ಮರಿಗಳಿಗೆ ನೀರು ಒಯ್ಯುತ್ತಿದ್ದವು. ಸಂಜೆ ಅವು ಹಾರಿಬರುವ ಕಡೆಗೇ ಒಂಟೆ ತಿರುಗಿಸಿ ನದಿ ಮುಟ್ಟುವುದು ದಾರಿ ನಡೆಯುವ ವರ್ತಕರ ಪದ್ಧತಿ.

ಅರಸನ ಕಣ್ಣಿಗೆ ಪೊದೆಯಲ್ಲಿ ಬರೀ ಇದ್ದಿಲು ಕಂಡಿತು. "ಕಡೀರಿ!" ಎಂದ.

ನೀರುನಾಯಿ ಬಂತು. "ಒಡೆಯಾ, ನನ್ನ ಮರಿಗಳು ಅಲ್ಲೇ ಇವೆ."

"ನದಿ ನನ್ನದು, ಹೇಳಿದಂತೆ ಕೇಳುತ್ತದೆ. ನಡಿ!"

ಆಮೆ ಬಂತು. "ಒಡೆಯಾ, ಬೇರು ಹೋದರೆ ದಡ ಕುಸಿಯುತ್ತದೆ."

"ನದಿ ನನ್ನದು, ಹೇಳಿದಂತೆ ಕೇಳುತ್ತದೆ. ನಡಿ!"

ಮರಳುಹಕ್ಕಿ ಬಂತು. "ಒಡೆಯಾ, ಪೊದೆಯ ಮರೆ ಇಲ್ಲದಿದ್ದರೆ ಗಿಡುಗ ನಮ್ಮನ್ನು ಬಿಡುವುದಿಲ್ಲ."

ಅದಕ್ಕೂ ಅದೇ ಮಾತು. ದಡ ಬೋಳಾಯಿತು. ನೀರುನಾಯಿ, ಆಮೆ, ಹಕ್ಕಿ ಎಲ್ಲವೂ ಹೋದವು.

ಮುಂದೊಮ್ಮೆ ಅರಸ ಮಗಳ ಮನೆಯಿಂದ ಮರಳುತ್ತಿದ್ದ. ಒಂಟೆಗಳ ಮುಂದಾಳು ಸಾತವ್ವ, ಆ ದಾರಿಯಲ್ಲೇ ತಲೆ ನರೆತವಳು. ಬಿರುಗಾಳಿ ಎದ್ದು ದಾರಿ ಅಳಿಸಿತು. ನೀರಿನ ಚೀಲಗಳು ಬರಿದಾದವು.

"ನದಿ ಯಾವ ಕಡೆ ಸಾತವ್ವಾ?"

"ಹಕ್ಕಿ ಹಾರುವ ಕಡೆ, ಒಡೆಯಾ. ಹಕ್ಕಿ ಎಲ್ಲಿ?"

ಅರಸ ತಲೆಯೆತ್ತಿದ. ಆಕಾಶ ಖಾಲಿ.

"ನದಿ ನಿಮ್ಮದಲ್ಲವೇ? ಕರೆದು ನೋಡಿ, ಬಂದೀತು."

ಬಾಯಾರಿಕೆಗೆ ಬುದ್ಧಿ ಕೆಟ್ಟಿತ್ತು, ಅರಸ ಕರೆದ. "ಬಾ ನದಿಯೇ!" ಮತ್ತೆ ಕರೆದ. ಮೂರನೆಯ ಸಲ ದನಿಯೇ ಹೊರಡಲಿಲ್ಲ. ಕೂತು ಅತ್ತ.

"ದಡದ ಪೊದೆ ಇನ್ನು ಹಕ್ಕಿಗಳದು, ನೀರುನಾಯಿಯದು, ಆಮೆಯದು ಅನ್ನಿ. ಮುದ್ರೆಯುಂಗುರ ಕೊಡಿ, ಡಂಗುರ ನಾನೇ ಸಾರಿಸುತ್ತೇನೆ" ಎಂದಳು ಸಾತವ್ವ.

ಅರಸ ಅಂದ, ಕೊಟ್ಟ. ಸಾತವ್ವ ಉಂಗುರವನ್ನು ಸೆರಗಿಗೆ ಗಂಟು ಹಾಕಿ, ಒಂಟೆಯ ಜೀನಿನ ಅಡಿಯಿಂದ ತುಂಬಿದ ಚೀಲ ಎಳೆದಳು.

"ಅಯ್ಯೋ ಮುದುಕಿ! ಇಷ್ಟು ಹೊತ್ತೂ ಇತ್ತೇ?"

"ಕೊನೆಯ ಚೀಲ ಬಚ್ಚಿಡದವಳು ಮುಂದಾಳೇ ಅಲ್ಲ. ಮೊದಲೇ ಕೊಟ್ಟಿದ್ದರೆ ಉಂಗುರ ಬರುತ್ತಿತ್ತೇ? ಕುಡೀರಿ. ಧೂಳು ಇಳಿಯಲಿ, ಚುಕ್ಕಿ ನೋಡಿ ಹೋಗೋಣ."

ಊರು ಮುಟ್ಟಿದರು. ಸಾತವ್ವ ಡಂಗುರ ಸಾರಿಸಿದಳು. ಜೊಂಡು ಮತ್ತೆ ಚಿಗುರಿತು, ಆಮೆ ಬಂತು, ನೀರುನಾಯಿ ಬಂತು. ಹಕ್ಕಿ ಬರಲಿಲ್ಲ.

ಪ್ರತಿ ಸಂಜೆ ಸಾತವ್ವ ದಡದಲ್ಲಿ ಕೂತು ಆಕಾಶ ನೋಡುತ್ತಿದ್ದಳು. ಆಮೇಲಾಮೇಲೆ ಅರಸನೂ ಬಂದು ಪಕ್ಕದಲ್ಲಿ ಕೂತ. ವರ್ಷಗಳು ಹೋದವು. ಒಂದು ಸಂಜೆ ಒಂದೇ ಒಂದು ಹಕ್ಕಿ ಇಳಿದು, ಎದೆ ನೆನೆಸಿಕೊಂಡು, ಹಾರಿಹೋಯಿತು.

"ನಾಳೆ ಬರುತ್ತದೆಯೇ?" ಅರಸ ಪಿಸುಗುಟ್ಟಿದ.

"ಅದು ನಿಮ್ಮ ಅಪ್ಪಣೆಯಲ್ಲಿಲ್ಲ, ಒಡೆಯಾ. ಸುಮ್ಮನೆ ಕೂತಿರಿ."

ತಿಳಿಯಿತೇ ಮಕ್ಕಳೇ? ದಡ ಬೋಳಿಸಲು ಅರಸನ ಒಂದು ಮಾತು ಸಾಕಾಯಿತು. ಹೋದ ಹಕ್ಕಿಯನ್ನು ಕರೆಯಲು ಅವನ ರಾಜ್ಯವೆಲ್ಲ ಸಾಲಲಿಲ್ಲ. ಇರುವಾಗಲೇ ಕಾಪಾಡಿ.