ಗೋರಿಯೊಳಗಿನ ಅಡುಗೆಮನೆ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ದೂರದ ಕೊರಿಯಾ ಸೀಮೇಲಿ ಯೊನ್‌ಹ್ವಾ ಅಂತ ಒಬ್ಬಳು ಮುದಿ ರಾಣಿ ಇದ್ದಳಂತೆ. ಕಾಲು ಒದೀಬೇಡ್ವೋ ಪುಟ್ಟಾ, ಹೊದ್ಕೊಂಡು ಕೇಳು. ಆ ಸೀಮೇಲಿ ರಾಜರಾಣಿಯರು ಬದುಕಿರುವಾಗಲೇ ಕಲ್ಲಿನ ಗೋರಿ ಕಟ್ಟಿಸಿ, ಗೋಡೆ ತುಂಬ ಚಿತ್ರ ಬರೆಸೋರಂತೆ. ಸತ್ತಮೇಲೆ ಅದೇ ಅವರ ಮನೆ, ಬರೆದಿದ್ದಕ್ಕೆಲ್ಲ ಅಲ್ಲಿ ಜೀವ ಬರುತ್ತೆ ಅಂತ ನಂಬಿಕೆಯಂತೆ.

ರಾಣಿ ಹಳೇ ರಾಜಧಾನಿ ಪಕ್ಕದ ಹಳ್ಳಿಮನೆ ಮಗಳು. ರಾಜಧಾನಿ ಬೇರೆ ಊರಿಗೆ ಸಾಗಿದಾಗ ಅವಳ ತಾಯಿ, ಈ ಒಲೆ ಬಿಟ್ಟು ನಾನೆಲ್ಲೂ ಬರೋಳಲ್ಲ ಅಂದು ಅಲ್ಲೇ ಉಳಿದಳಂತೆ, ಆಮೇಲೆ ಯುದ್ಧ ಬಂತಂತೆ, ದಾರಿ ಮುಚ್ಚಿತಂತೆ, ತಾಯಿ ಸತ್ತಾಗ ಮಗಳಿಗೆ ಮುಖ ನೋಡೋಕೂ ಆಗಲಿಲ್ಲವಂತೆ. ಆ ಸಂಕಟ ಹೊಟ್ಟೇಲೇ ಉಳೀತು. ಅದಕ್ಕೇ ಮೂರು ಗಂಡುಮಕ್ಕಳನ್ನ ಕರೆದು, ಒಬ್ಬೊಬ್ಬರು ಒಂದೊಂದು ಗೋಡೆ ನೋಡ್ಕೊಳ್ರಪ್ಪಾ, ಸತ್ತಮೇಲಾದರೂ ನಾನು ನಮ್ಮಮ್ಮನ ಮನೆ ಸೇರಬೇಕು ಅಂದಳಂತೆ.

ದೊಡ್ಡವನು ಕುದುರೆ, ಬಿಲ್ಲು, ಓಡೋ ಜಿಂಕೆ ಬರೆಸಿದ. ಚೆನ್ನಾಗಿದೆ ಮಗನೇ, ಈ ಗದ್ದಲದಲ್ಲಿ ನಿದ್ದೆ ಹೇಗೆ ಬರುತ್ತೆ ಅಂದಳು ರಾಣಿ. ಆಮೇಲೆ ನಡುವಿನವನು ಕಾವಲಿಗೆ ಅಂತ ನೀಲಿ ಡ್ರ್ಯಾಗನ್ನು, ಬಿಳಿ ಹುಲಿ ಬರೆಸಿದ. ಅಯ್ಯಯ್ಯೋ, ಇವನ್ನ ನೋಡಿದರೆ ನಮ್ಮಮ್ಮ ಬಾಗಿಲೇ ತೆಗೆಯಲ್ಲ ಕಣೋ ಅಂದಳಂತೆ.

ಕಿರಿಯವನು ಸೊಲ್. ಅವನು ತಾನೇ ಕುಂಚ ಹಿಡಿದ. ಆದರೆ ಹುಟ್ಟಿದ್ದೇ ಹೊಸ ಊರಲ್ಲಿ, ಅಜ್ಜಿ ಮನೆ ಕಂಡವನೇ ಅಲ್ಲ. ಅದಕ್ಕೆ ಅಮ್ಮನ ಕಾಲ ಬಳಿ ಕೂತು ಕೇಳಿದ್ದೇ ಕೇಳಿದ್ದಂತೆ, ಬಾವಿ ಎಲ್ಲಿತ್ತು, ಒಲೆ ಯಾವ ಕಡೆ, ಕೊಕ್ಕೆಗೆ ಏನು ತೂಗುಹಾಕ್ತಿದ್ರಿ. ರಾಣಿ ಹೇಳ್ತಾ ಹೇಳ್ತಾ ನಗೋಳು, ಹೇಳ್ತಾ ಹೇಳ್ತಾ ಅಳೋಳು. ಗೋಡೇಲಿ ಒಲೆ ಉರೀತು, ಹಬೆ ಎದ್ದಿತು, ಬಾವಿಕಟ್ಟೆ ಮೇಲೆ ಕೊಡ ಕೂತಿತು.

ಕೊನೆಗೆ, ಅಜ್ಜಿ ಮುಖ ಹೇಗಿತ್ತಮ್ಮಾ ಅಂದ. ರಾಣಿ ಕಣ್ಣು ಮುಚ್ಚಿ ನೆನಪು ಮಾಡ್ಕೊಳ್ಳೋಕೆ ನೋಡಿದಳು. ಅಷ್ಟು ವರ್ಷಕ್ಕೆ ಮರೆತೇಹೋಗಿತ್ತಂತೆ! ಕೊಡದ ಬಿರುಕು ನೆನಪಿದೆ, ಹೆತ್ತವಳ ಮುಖ ನೆನಪಿಲ್ವಲ್ಲೋ ಅಂತ ಗೋಳೋ ಅಂದಳಂತೆ.

ಸೊಲ್ ಕುಂಚ ತಗೊಂಡು ಗೋರಿಗೆ ಹೋದ. ಆಮೇಲೆ ಅಮ್ಮನ್ನ ಕರ್ಕೊಂಡು ಬಂದು ದೀಪ ಎತ್ತಿ ತೋರಿಸಿದ. ಒಲೆ ಮುಂದೆ ಒಬ್ಬ ಹೆಂಗಸು, ಸೌಟು ಹಿಡಿದು, ಇವರಿಗೆ ಬೆನ್ನು ಹಾಕಿ ನಿಂತಿದ್ದಳು. ರಾಣಿ ನೋಡಿದಳು, ನೋಡಿದಳು, ಕಣ್ಣೊರೆಸಿಕೊಂಡು, ಹೌದು ಕಣೋ, ಹೀಗೇ ನಿಂತಿರೋಳು, ನಾನು ಹೊಸ್ತಿಲು ದಾಟಿ ಅಮ್ಮಾ ಅಂದಮೇಲೇ ತಿರುಗೋಳು ಅಂದಳಂತೆ.

ಅವತ್ತಿಂದ ರಾಣಿಗೆ ಸಾವಿನ ಭಯವೇ ಹೋಯ್ತಂತೆ. ಮೊಮ್ಮಕ್ಕಳನ್ನ ಆಡಿಸ್ಕೊಂಡು, ಹಣ್ಣಾಗಿ ಬದುಕಿ, ಒಂದಿನ ನಗ್ತಾನೇ ಹೋದಳಂತೆ. ಗೋರಿಗೆ ಕಲ್ಲು ಮುಚ್ಚಿದರು. ಒಳಗೆ ಇವಳು ಅಮ್ಮಾ ಅಂದಿರ್ತಾಳೆ, ಅವಳು ತಿರುಗಿರ್ತಾಳೆ. ಉಂಡ್ಯೇನೇ ಮಗಳೇ ಅಂತ ಕೇಳಿರ್ತಾಳೆ, ತಾಯಂದಿರು ಇನ್ನೇನು ಕೇಳ್ತಾರೆ. ಅವರು ಉಣ್ಣೋಕೆ ಕೂತರು, ನಮ್ಮ ಕತೆ ಮುಗೀತು, ನೀನು ಕಣ್ಮುಚ್ಚು.