ಓಲೆಹಾಸು ಗುಡ್ಡ

ಸಿರಿಗನೂರಿನ ಗ್ರಂಥಾಲಯದ ಹಿಂದೆ, ಹಳೆಯ ಬಸದಿಗೆ ಬೆನ್ನು ಕೊಟ್ಟು ಒಂದು ಬೋಳುಗುಡ್ಡ ನಿಂತಿದೆ. ಅದರ ನೆತ್ತಿಯಲ್ಲಿ ಕಣದಷ್ಟು ಅಗಲದ ಹಾಸುಬಂಡೆ. ಒಳಗಿನ ಸೆಖೆ ತಾಳದ ಓದುಗರು ಪುಸ್ತಕ ಹಿಡಿದು ಅಲ್ಲಿಗೆ ಹತ್ತುವುದುಂಟು. ಆ ಗುಡ್ಡಕ್ಕೆ ಓಲೆಹಾಸು ಎಂಬ ಹೆಸರು ಬಂದ ಬಗೆಯನ್ನು ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ ಆ ಬಸದಿಯಲ್ಲಿ ತಾಳೆಗರಿಯ ಶಾಸ್ತ್ರಭಂಡಾರವಿತ್ತು. ಅದನ್ನು ಕಾಯುತ್ತಿದ್ದವನು ಪಾರಿಸಯ್ಯ. ವರ್ಷಕ್ಕೊಮ್ಮೆ, ಜ್ಯೇಷ್ಠದಲ್ಲಿ ಬರುವ ಶಾಸ್ತ್ರಪೂಜೆಯ ಹಬ್ಬವಾದ ಶ್ರುತಪಂಚಮಿಯಂದು ಓಲೆಯ ಕಟ್ಟುಗಳನ್ನು ಹೊರತಂದು, ಗಂಟು ಬಿಚ್ಚದೆ ಹಳೆಯ ವಸ್ತ್ರದ ಮೇಲೆಯೇ ಹೊಸದನ್ನು ಸುತ್ತಿ, ಗಂಧ ಹಚ್ಚಿ ಪೂಜಿಸಿ ಒಳಗಿಡುವುದು ಅವನ ಅಜ್ಜನ ಕಾಲದಿಂದ ಬಂದ ರೂಢಿ. ಬೆವರುಗೈ ತಾಗಿ ಜಿನವಾಣಿ ಮೈಲಿಗೆಯಾಗಬಾರದೆಂಬ ಭಕ್ತಿ. ಕಟ್ಟುಗಳು ವರ್ಷವರ್ಷಕ್ಕೂ ದಪ್ಪವಾಗುತ್ತಿದ್ದುವು; ನೋಡಿ ಪಾರಿಸಯ್ಯನ ಎದೆಯೂ ಉಬ್ಬುತ್ತಿತ್ತು.

ಒಂದು ಆಷಾಢದಲ್ಲಿ ಊರ ದನಗಳಿಗೆ ಗಂಟಲುಬೇನೆ ಬಂತು. ಗಂಡನನ್ನು ಕಳೆದುಕೊಂಡು ಒಬ್ಬಳೇ ಹೊಲ ಮಾಡುತ್ತಿದ್ದ ಹೊನ್ನವ್ವನ ಜೋಡೆತ್ತು ಕತ್ತು ಊದಿ ಮಲಗಿದುವು. ಭಂಡಾರದಲ್ಲಿ ಗೋವೈದ್ಯದ ಓಲೆಯಿದೆಯೆಂದು ಊರಿಗೆಲ್ಲ ಗೊತ್ತು. ಅವಳು ಬೆಳಗ್ಗೆಯೇ ಬಂದು ಬಸದಿಯ ಮೆಟ್ಟಿಲ ಮೇಲೆ ಕೂತಳು.

"ಅಯ್ಯಾ, ಆ ಕಟ್ಟು ಬಿಚ್ಚಿ ಓದಿ ಹೇಳ್ರಿ. ಯಾವ ಬೇರು, ಯಾವ ಸೊಪ್ಪು ಅಂದ್ರ ಸಾಕು, ನಾ ಹುಡುಕಿ ತರ್ತೀನಿ."

"ಪಂಚಮಿ ಕಳೀತಲ್ಲವ್ವಾ. ಇನ್ನ ಅದನ್ನ ಮುಟ್ಟೋದು ಬರೋ ವರ್ಷಾನ."

"ಅಲ್ಲೀತನಕ ತಡಕೋ ಅಂತ ಎತ್ತಿಗೆ ನೀವೇ ಬಂದು ಹೇಳ್ರಿ ಹಂಗಾರ."

ಪಾರಿಸಯ್ಯ ಒಳಗೆ ಹೋದ, ಹೊರಗೆ ಬಂದ. ಜಪಕ್ಕೆ ಕುಳಿತರೆ ಮಣಿ ಸರಿಯದು. ಬಿಚ್ಚಿದರೆ ಹಿರಿಯರ ನೇಮ ಮುರಿದಂತೆ. ಬಿಚ್ಚದಿದ್ದರೆ ಜೀವಹತ್ಯೆಯ ಪಾಪ. ಭಂಡಾರದ ಅಗುಳಿ ಹಿಡಿಯುವುದು, ಬಿಟ್ಟು ಹಿಂದಿರುಗುವುದು, ಇದರಲ್ಲೇ ಹೊತ್ತು ಇಳಿಯಿತು. ಕಡೆಗೆ ಕಟ್ಟನ್ನು ತಂದು ಅವಳೆದುರಿಗೇ ಬಿಚ್ಚತೊಡಗಿದ. ವಸ್ತ್ರದೊಳಗೆ ವಸ್ತ್ರ, ಅದರೊಳಗೆ ಮತ್ತೊಂದು. ಎಲ್ಲ ಮುಗಿದಾಗ ಉಳಿದದ್ದು ಓಲೆಗಳ ಮೇಲೆ ಕೆಳಗೆ ರಟ್ಟಿನಂತೆ ಇಟ್ಟಿದ್ದ ಎರಡು ಮರದ ಪಟ್ಟಿ. ನಡುವೆ, ಗಂಧದ ತೇವ ಇಳಿದಿಳಿದು ಹುಳು ತಿಂದು ಹಾಕಿದ ಹಿಡಿಯಷ್ಟು ಹುಡಿ.

ಹೊನ್ನವ್ವ ಅಳಲಿಲ್ಲ. "ಇಷ್ಟು ವರ್ಷ ಬಟ್ಟಿಗೆ ಕೈ ಮುಗದ್ವೇನ್ರಿ ಅಯ್ಯಾ" ಎಂದಷ್ಟೇ ಹೇಳಿ ಎದ್ದು ಹೋದಳು. ಬೆಳಗಾಗುವುದರೊಳಗೆ ಎತ್ತುಗಳೆರಡೂ ಸತ್ತುವು ಎನ್ನುತ್ತಾರೆ.

ಆ ಮಾತು ಪಾರಿಸಯ್ಯನನ್ನು ಕೂರಗೊಡಲಿಲ್ಲ. ಮೋಡ ಹರಿದ ದಿನವೇ ಉಳಿದ ಕಟ್ಟುಗಳನ್ನೆಲ್ಲ ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದ. ಬಿಚ್ಚಿ, ಹುಳು ಕೊಡವಿ, ಉಳಿದಿದ್ದ ಓಲೆಗಳನ್ನು ಬಂಡೆಯ ತುಂಬ ಬಿಸಿಲಿಗೆ ಹಾಸಿದ. ಊರವರನ್ನೆಲ್ಲ ಕರೆದು, ಬಲ್ಲವರು ಓದಿರಿ, ಬಾರದವರು ಕೇಳಿರಿ, ಆದರೆ ಎಲ್ಲರೂ ಮುಟ್ಟಿರಿ ಎಂದ. ಮೊದಲ ಓಲೆಯನ್ನು ಹೊನ್ನವ್ವನ ಕೈಗೆ ಕೊಟ್ಟ. ಅವಳು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳಲು ಹೋದರೆ, ಬೇಡವೆಂದು ತಡೆದ.

ಇಂದಿಗೂ ಸಿರಿಗನೂರಿಗೆ ಹೋದವರು ಕಾಣಬಹುದು: ಗ್ರಂಥಾಲಯದ ಸುಮತಕ್ಕ, ಯಾರೂ ಒಯ್ಯದೆ ಉಳಿದ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಸಂಜೆ ಓಣಿಗಿಳಿಯುತ್ತಾರೆ. ಮುಟ್ಟದ ಪುಸ್ತಕ ಕಪಾಟಿನಲ್ಲಿದ್ದರೆ ಅವರಿಗೆ ಸಮಾಧಾನವಿಲ್ಲ. ರೊಟ್ಟಿ ಬಡಿಯುವವರು "ಓದಾಕ ಬರಂಗಿಲ್ಲಕ್ಕಾ" ಎಂದರೆ, "ಹಾಳಿಯಾರ ತಿರುವಿ ಕೊಡವ್ವ, ಗಾಳಿಯಾಡ್ಲಿ" ಎಂದು ಎದುರಿಗೇ ನಿಲ್ಲುತ್ತಾರೆ. ಅಲ್ಲಿನ ಪುಸ್ತಕಗಳಲ್ಲಿ ಜೋಳದ ಹಿಟ್ಟಿನ ಬೆರಳಚ್ಚು ಬೀಳದ ಹಾಳೆ ಸಿಗುವುದು ಕಷ್ಟ.